ಎಕ್ಸ್-ರೇ ಕೋಣೆಗೆ ನಮ್ಮ ಹೆಣ್ಣುಮಕ್ಕಳೂ ಬರಲಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಹಿರಿಯ ರೇಡಿಯೋಗ್ರಾಫರ್ ಒಬ್ಬರ ಮಾತು)



ಇಮೇಜಿಂಗ್ ಕೋರ್ಸ್ ಎಂದೊಡನೆ ತಾಯಂದಿರು ಕೇಳುವುದು ಒಂದೇ: "ವಿಕಿರಣದಿಂದ ಮಗಳಿಗೆ ತೊಂದರೆಯಾಗದೇ?" ಆ ಭಯ ಸುಳ್ಳಲ್ಲ. ಆದ್ದರಿಂದಲೇ ಮೊದಲ ಪಾಠ ಯಂತ್ರದ್ದಲ್ಲ, ದೂರ ನಿಲ್ಲುವುದರದ್ದು. ದೂರ ಇಮ್ಮಡಿಯಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಸೀಸದ ಏಪ್ರನ್ನಿನ ಒಳಗೆ, ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್. ಮೈಗೆ ಬಿದ್ದದ್ದೆಲ್ಲ ಅದರಲ್ಲಿ ಲೆಕ್ಕ. ಎಂಆರ್‌ಐಯಲ್ಲಂತೂ ಎಕ್ಸ್-ಕಿರಣವೇ ಇಲ್ಲ.

ಎದೆಯ ಚಿತ್ರಕ್ಕೆ ರೋಗಿ ಉಸಿರೆಳೆದು ಬಿಗಿಹಿಡಿಯಬೇಕು. ಹೇಳಿದ್ದು ತಿಳಿಯದೆ ಚಿತ್ರ ಕೆಟ್ಟರೆ ಮತ್ತೆ ತೆಗೆಯಬೇಕು, ಮತ್ತೆ ವಿಕಿರಣ. ಬ್ಯಾರಿಯಲ್ಲೋ ಉರ್ದುವಿನಲ್ಲೋ ಒಬ್ಬಳು ಹುಡುಗಿ ಹೇಳಿದರೆ ನಮ್ಮ ಅಜ್ಜಿಯಂದಿರಿಗೆ ಸಂಕೋಚವೂ ಇಲ್ಲ.

ಹಾಂ, ಈ ಕೋರ್ಸ್ ಮುಗಿಸಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. 1994ರ ಕಾಯ್ದೆಯಂತೆ ಅದು ಅರ್ಹ ವೈದ್ಯರ ಕೆಲಸ.

ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಅರ್ಜಿ ಟ್ರಸ್ಟ್ ಕಚೇರಿಯಲ್ಲಿದೆ.