ತಟ್ಟೆಯಲ್ಲಿ ಬೆಳೆದ ಕೋಶ, ಮಿದುಳಿನಿಂದ ಬಂದ ಕೋಶ

ಮಿದುಳಿನ ಕೋಶವೊಂದರ ಕ್ಯಾಲ್ಸಿಯಂ ಸಂಕೇತವನ್ನು ಓದುವ ಮೊದಲು ಆ ಕೋಶ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿಕೊಳ್ಳಬೇಕೆಂಬುದೇ ಈ ಬರಹದ ಆಶಯ. ವಿಶ್ರಾಂತ ಕೋಶರಸದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಸುಮಾರು 100 ನ್ಯಾನೊಮೋಲಾರ್ ಇದ್ದರೆ ಹೊರಗಿನ ದ್ರವದಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಹೀಗಾಗಿ ಹೊರಗಿನಿಂದಲೋ ಕೋಶದೊಳಗಿನ ಉಗ್ರಾಣದಿಂದಲೋ ತುಸು ಕ್ಯಾಲ್ಸಿಯಂ ನುಸುಳಿದರೂ ಅದೇ ಒಂದು ಸಂದೇಶವಾಗುತ್ತದೆ. ಈ ಏರಿಳಿತವನ್ನು ಬೆಳಕಾಗಿ ತೋರಿಸುವ ಫ್ಯೂರಾ-2 ಎಂಬ ಬಣ್ಣವನ್ನು ರೋಜರ್ ಚಿಯೆನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದರು.

ನರಕೋಶಗಳ ಆಸುಪಾಸಿನಲ್ಲಿದ್ದು ಅವುಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳು, ಅಂದರೆ ಆಸ್ಟ್ರೊಸೈಟ್‌ಗಳು, ಬಹುಕಾಲ ಮೂಕವೆಂದೇ ಎಣಿಸಲ್ಪಟ್ಟಿದ್ದವು. ಪ್ರಯೋಗಾಲಯದಲ್ಲಿ ಬೆಳೆಸಿದ ಇಂಥ ಕೋಶಗಳ ಮೇಲೆ ಗ್ಲೂಟಮೇಟ್ ಎಂಬ ನರಸಂದೇಶವಾಹಕವನ್ನು ಹಾಕಿದಾಗ ಕ್ಯಾಲ್ಸಿಯಂ ಅಲೆಗಳು ಒಂದು ಕೋಶದಿಂದ ಇನ್ನೊಂದಕ್ಕೆ ಹರಿಯುವುದನ್ನು 1990ರಲ್ಲಿ ಕಾರ್ನೆಲ್-ಬೆಲ್ ಮತ್ತು ಸಹೋದ್ಯೋಗಿಗಳು ತೋರಿಸಿದ ಮೇಲೆ ಆ ಎಣಿಕೆ ಬದಲಾಯಿತು. ಆದರೆ ಅಲೆ ಕಂಡದ್ದು ತಟ್ಟೆಯಲ್ಲಿ. 1980ರಲ್ಲಿ ಮೆಕಾರ್ತಿ ಮತ್ತು ಡಿ ವೆಲ್ಲಿಸ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ವಿಧಾನದಲ್ಲಿ ಕೋಶಗಳನ್ನು ನವಜಾತ ಇಲಿಮರಿಗಳ ಮಿದುಳಿನಿಂದ ತೆಗೆದು ರಕ್ತದ ಸೀರಮ್ ಬೆರೆಸಿದ ದ್ರವದಲ್ಲಿ ವಾರಗಟ್ಟಲೆ ಬೆಳೆಸಲಾಗುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ರಕ್ತನಾಳದ ತಡೆಗೋಡೆಯಿಂದಾಗಿ ಆಸ್ಟ್ರೊಸೈಟ್‌ಗೆ ಸೀರಮ್ಮಿನ ಸೋಂಕೇ ಇರುವುದಿಲ್ಲ, ಗಾಯವಾದಾಗಲಷ್ಟೇ ಅದು ಒಳಬರುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಪೋಷಣೆಯೆಂದು ಕೊಟ್ಟದ್ದನ್ನು ಕೋಶ ಗಾಯದ ಸುದ್ದಿಯೆಂದು ಓದಿಕೊಳ್ಳುವ ಸಾಧ್ಯತೆ ಸಣ್ಣದಲ್ಲ. ಸೀರಮ್ ಇಲ್ಲದೆ ಬೆಳೆಸುವ ವಿಧಾನವನ್ನು ಬೆನ್ ಬ್ಯಾರೆಸ್ ಅವರ ಪ್ರಯೋಗಾಲಯ 2011ರಲ್ಲಿ ಮುಂದಿಟ್ಟದ್ದು ಈ ಕಾರಣಕ್ಕಾಗಿಯೇ.

ವಯಸ್ಸಿನ ಪ್ರಶ್ನೆ ಇನ್ನೂ ತೊಡಕಿನದು. ಗ್ಲೂಟಮೇಟನ್ನು ಗುರುತಿಸಿ ಉಗ್ರಾಣದ ಕ್ಯಾಲ್ಸಿಯಂ ಬಿಡಿಸುವ ಎಂಗ್ಲೂಆರ್5 ಎಂಬ ಗ್ರಾಹಿ ಎಳೆಯ ಆಸ್ಟ್ರೊಸೈಟ್‌ಗಳಲ್ಲಿ ಹೇರಳ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಿಂದ ಆಗತಾನೇ ಬೇರ್ಪಡಿಸಿದ ಕೋಶಗಳಲ್ಲಿ ಪ್ರಾಣಿಯ ವಯಸ್ಸು ಏರಿದಂತೆ ಈ ಗ್ರಾಹಿ ವಿರಳವಾಗುವುದನ್ನು ಹೆರಾಲ್ಡ್ ಕಿಮೆಲ್‌ಬರ್ಗ್ ಅವರ ತಂಡ 2000ದಲ್ಲಿ ತೋರಿಸಿತು. ಇಲಿಮರಿ ಹುಟ್ಟಿದ ಮೂರನೆಯ ವಾರದ ನಂತರ ಅದು ಬಹುಮಟ್ಟಿಗೆ ಮರೆಯಾಗುತ್ತದೆಂದು 2013ರ ಇನ್ನೊಂದು ಅಧ್ಯಯನ ಹೇಳಿತು. ಹಾಗೆಂದ ಮೇಲೆ ತಟ್ಟೆಯ ಕೋಶ ಕೊಟ್ಟ ಉತ್ತರ ಸುಳ್ಳಲ್ಲ, ಅದು ಶಿಶುವಿನ ಉತ್ತರ. ಅದನ್ನು ವಯಸ್ಕ ಮಿದುಳಿನ ಬಾಯಲ್ಲಿಟ್ಟದ್ದು ಓದುಗರ ತಪ್ಪು.

ಹಾಗಾದರೆ ಆಗತಾನೇ ಬೇರ್ಪಡಿಸಿದ ಕೋಶವೇ ಪ್ರಮಾಣವೆನ್ನಲಾದೀತೆ? ಅಂಗಾಂಶವನ್ನು ಬಿಡಿಸಲು ಸಾಮಾನ್ಯವಾಗಿ ಬಳಸುವ ಪೆಪೇನ್, ಅಡುಗೆಮನೆಯಲ್ಲಿ ಮಾಂಸ ಮೆತ್ತಗಾಗಿಸುವ ಪರಂಗಿಕಾಯಿಯ ಹಾಲಿನಲ್ಲಿರುವ ಕಿಣ್ವವೇ ಆಗಿದ್ದು, ಅದು ಕೋಶಗಳ ನಡುವಿನ ಬಂಧಗಳನ್ನು ಜೀರ್ಣಿಸುವಾಗ ಕೋಶದ ಮೇಲ್ಮೈಯ ಗ್ರಾಹಿಗಳಿಗೂ ಪೆಟ್ಟು ಬೀಳಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಆಸ್ಟ್ರೊಸೈಟ್‌ನ ನವಿರಾದ ಕವಲುಗಳು ಹರಿದುಹೋಗುವುದು. ಕ್ಯಾಲ್ಸಿಯಂ ಉಗ್ರಾಣದ ಬಾಗಿಲಾದ ಐಪಿ3ಆರ್2 ಎಂಬ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕೋಶಕಾಯದ ಸಂಕೇತ ಬಹುತೇಕ ನಿಂತರೂ ಕವಲುಗಳ ಕ್ಯಾಲ್ಸಿಯಂ ಮಿಡಿತ ಸಾಕಷ್ಟು ಉಳಿಯುತ್ತದೆಂದು 2015ರಲ್ಲಿ ಕಂಡುಬಂದಿದೆ. ಆ ಮಿಡಿತ ನಡೆಯುವ ಭಾಗವೇ ಬೇರ್ಪಡಿಸುವಾಗ ಕೈಬಿಟ್ಟುಹೋಗುತ್ತದೆ.