ಸರಿಹೋಗುತ್ತೆ ಅಲ್ಲ, ಸರಿಮಾಡುತ್ತೇವೆ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮನೆಗೆಲಸ ಮುಗಿಸಿ, ಕೆಲವರು ಇವತ್ತಿನ ಕೂಲಿಯನ್ನೇ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದವರೂ ಇದ್ದೀರಿ.

ನನಗೆ ಕೊಟ್ಟಿರುವ ವಿಷಯ ‘ಕಷ್ಟಗಳ ನಡುವೆ ಭರವಸೆ, ದುಡಿಮೆ ಮತ್ತು ಕಲಿಕೆ’. ಹುಟ್ಟಿದಾಗಿನಿಂದ ಈ ಮೂರು ಮಾತುಗಳನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಭರವಸೆ ಇಟ್ಟುಕೋ, ಕಷ್ಟಪಟ್ಟು ದುಡಿ, ಒಳ್ಳೆಯದನ್ನು ಕಲಿ. ಮಾತುಗಳು ಒಳ್ಳೆಯವೇ. ಆದರೆ ಇವನ್ನು ನಮಗೆ ಯಾರು ಹೇಳುತ್ತಾರೆ, ಯಾವಾಗ ಹೇಳುತ್ತಾರೆ ಎಂಬುದನ್ನು ಸ್ವಲ್ಪ ಯೋಚಿಸೋಣ.

ಯಾವ ಭರವಸೆ?

ಗಂಡನ ಮನೆಯ ಹೊಡೆತ ತಾಳಲಾರದೆ ಒಬ್ಬ ಹುಡುಗಿ ತವರಿಗೆ ಬಂದಳು ಅಂತ ಇಟ್ಟುಕೊಳ್ಳಿ. ತಾಯಿ ಕಣ್ಣೀರು ಹಾಕುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ, ಬಿಸಿ ಅನ್ನ ಬಡಿಸುತ್ತಾಳೆ. ಎರಡು ದಿನ ಕಳೆದ ಮೇಲೆ ಮನೆಯ ಹಿರಿಯರು ಕೂರುತ್ತಾರೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ. ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಮಡಿಲು ತುಂಬಿ ಬಸ್ಸು ಹತ್ತಿಸುತ್ತಾರೆ. ಇದಕ್ಕೂ ಭರವಸೆ ಎಂದೇ ಹೆಸರು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 6 ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪೊಲೀಸರ ಲೆಕ್ಕಕ್ಕೆ ಬಂದಿವೆ. ದಿನಕ್ಕೆ ಹದಿನಾರಕ್ಕೂ ಹೆಚ್ಚು ಹೆಣ್ಣುಮಕ್ಕಳು. ಇವರಲ್ಲಿ ಎಷ್ಟು ಜನ ಸಾಯುವ ಮೊದಲು ಒಮ್ಮೆಯಾದರೂ ತವರಿಗೆ ಬಂದು, ‘ಸರಿಹೋಗುತ್ತೆ’ ಅನ್ನಿಸಿಕೊಂಡು ವಾಪಸು ಹೋಗಿದ್ದರೋ! ‘ಸರಿಹೋಗುತ್ತೆ’ ಎಂಬ ಮಾತನ್ನು ಗಮನಿಸಿ ನೋಡಿ. ಸರಿಮಾಡುವವರು ಯಾರು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ತಾನಾಗಿ ಸರಿಹೋಗಬೇಕು, ಅಲ್ಲಿಯತನಕ ಹುಡುಗಿ ಸಹಿಸಬೇಕು. ಇಂಥ ಭರವಸೆ ನಮಗೆ ಬೇಡ.

ಇನ್ನೊಂದು ಬಗೆಯ ಭರವಸೆ ಇದೆ. ದೆಹಲಿಯ ಸತ್ಯರಾಣಿ ಚಡ್ಢಾ ಅವರ ಮಗಳು 1979ರಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ ಸುಟ್ಟು ಸತ್ತಳು. ಆಗ ಅವಳು ಬಸುರಿ. ಅಳಿಯನ ಕಡೆಯವರು ಕೇಳಿದ್ದು ಒಂದು ಸ್ಕೂಟರ್. ಆಗ ಇಂಥ ಸಾವುಗಳನ್ನು ಸ್ಟೌ ಸಿಡಿದು ಆದ ಅಪಘಾತ ಎಂದು ಬರೆದು ಮುಗಿಸಿಬಿಡುತ್ತಿದ್ದ ಕಾಲ. ಆ ತಾಯಿ ಕೋರ್ಟಿನ ಕಂಬ ಕಂಬ ಸುತ್ತಿದರು. ಬೀದಿಗಿಳಿದು ಘೋಷಣೆ ಕೂಗಿದರು. ತಮ್ಮಂತೆಯೇ ಮಗಳನ್ನು ಕಳೆದುಕೊಂಡ ಶಹಜಹಾನ್ ಆಪಾ ಅವರ ಜೊತೆ ಸೇರಿ, 1987ರಲ್ಲಿ ನೊಂದ ಹೆಣ್ಣುಮಕ್ಕಳಿಗಾಗಿ ‘ಶಕ್ತಿ ಶಾಲಿನಿ’ ಎಂಬ ಸಂಸ್ಥೆ ಕಟ್ಟಿದರು. ಕೆಳಗಿನ ಕೋರ್ಟು ಅಳಿಯನಿಗೆ ಶಿಕ್ಷೆ ಕೊಟ್ಟದ್ದು 2000ದಲ್ಲಿ. ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2013ರಲ್ಲಿ. ಅಂದರೆ ಮಗಳು ಸತ್ತು 34 ವರ್ಷ! ಮರುವರ್ಷ ಆ ತಾಯಿಯೂ ತೀರಿಕೊಂಡರು.

ಇದು ಗೆಲುವೋ ಸೋಲೋ ಅಂತ ನೀವು ಕೇಳಬಹುದು. ಒಂದು ತೀರ್ಪಿಗೆ 34 ವರ್ಷ ಹಿಡಿದದ್ದು ನಮ್ಮ ನ್ಯಾಯ ವ್ಯವಸ್ಥೆಗೆ ನಾಚಿಕೆಗೇಡು. ಆದರೆ ಅಷ್ಟರಲ್ಲಿ ಇಂಥ ನೂರಾರು ತಾಯಂದಿರು, ಮಹಿಳಾ ಸಂಘಟನೆಗಳು ಕೂಗಿದ್ದಕ್ಕೇ 1983ರಲ್ಲಿ 498ಎ ಎಂಬ ಕಲಂ ಬಂತು. ಹೆಂಡತಿಗೆ ಕ್ರೂರ ಹಿಂಸೆ ಕೊಡುವುದು ಮನೆಯ ಒಳಗಿನ ವಿಚಾರ ಅಲ್ಲ, ಅಪರಾಧ ಎಂದು ಕಾನೂನು ಒಪ್ಪಿತು. 1986ರಲ್ಲಿ ವರದಕ್ಷಿಣೆ ಸಾವಿಗೇ ಬೇರೆ ಕಲಂ ಬಂತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ವರದಕ್ಷಿಣೆ ಸಾವು 80ನೇ ಕಲಂ, ಕ್ರೂರ ಹಿಂಸೆ 85 ಮತ್ತು 86ನೇ ಕಲಂ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ಠಾಣೆಯಲ್ಲಿ ಯಾರಾದರೂ "498ಎ ಈಗ ಇಲ್ಲಮ್ಮ" ಅಂದರೆ ಹೆದರಬೇಡಿ, "85 ಇದೆಯಲ್ಲ ಸಾರ್" ಅನ್ನಿ.

ಯಾರ ದುಡಿಮೆ, ಯಾರ ಹೆಸರು?

ಇನ್ನು ದುಡಿಮೆ. ಕಷ್ಟಪಟ್ಟು ದುಡಿಯಿರಿ ಅಂತ ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ನೀರು ಹೊತ್ತು, ಸಗಣಿ ಬಾಚಿ, ರೊಟ್ಟಿ ತಟ್ಟಿ, ಹೊಲಕ್ಕೆ ಹೋಗಿ ಕಳೆ ಕಿತ್ತು, ಸಂಜೆ ಮತ್ತೆ ಒಲೆ ಮುಂದೆ ಕೂರುವ ನಿಮಗೆ ದುಡಿಮೆಯ ಪಾಠ ಯಾಕೆ? ನಾವು ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ದುಡಿಮೆ ಯಾರ ಹೆಸರಿಗೆ ಜಮೆ ಆಗುತ್ತಿದೆ?

ಹಸು ಮೇಯಿಸುವವಳು ಅವಳು, ಡೈರಿ ಪುಸ್ತಕದಲ್ಲಿ ಹೆಸರು ಅವನದು. ನಾಟಿ ಹಾಕುವವಳು ಅವಳು, ಪಹಣಿಯಲ್ಲಿ ಹೆಸರು ಮಾವನದು. ಸಂಘದಲ್ಲಿ ಸಾಲ ತೆಗೆದವಳು ಅವಳು, ಖರ್ಚು ಮಾಡಿದವನು ಅವನು, ತೀರಿಸುವ ಕಂತು ಮಾತ್ರ ಅವಳ ಹೆಸರಿಗೆ!

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಸಂಘದ ಸಾಲವೇ ವರದಕ್ಷಿಣೆಗೆ ಹೋಗುವುದುಂಟು. ನಡಾವಳಿ ಪುಸ್ತಕದಲ್ಲಿ ‘ಕುರಿ ಸಾಕಣೆ’ ಅಂತ ಬರೆಸುತ್ತೇವೆ, ಆ ದುಡ್ಡು ಮಗಳ ಮದುವೆಯಲ್ಲಿ ಗಂಡಿನ ಕಡೆಯವರ ಕೈ ಸೇರುತ್ತದೆ. ಹತ್ತು ಹೆಂಗಸರು ವಾರವಾರ ಹೊಟ್ಟೆ ಕಟ್ಟಿ ಉಳಿಸಿದ ಹಣ, ಇನ್ನೊಬ್ಬ ಹೆಣ್ಣಿಗೆ ಬೆಲೆ ಕಟ್ಟಲು ಹೋಗುತ್ತದೆ. 1961ರ ಕಾನೂನಿನ ಪ್ರಕಾರ ವರದಕ್ಷಿಣೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. "ಕೊಡದಿದ್ದರೆ ಮದುವೆ ಹೇಗೆ ಆಗುತ್ತೆ?" ಅಂತ ಕೇಳುತ್ತೀರಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಬ್ಬಳೇ ‘ಕೊಡಲ್ಲ’ ಅಂದರೆ ಅವಳ ಮಗಳು ಮನೆಯಲ್ಲಿ ಉಳಿಯಬಹುದು. ಊರಿನ ಸಂಘಗಳೆಲ್ಲ ಸೇರಿ ಹೇಳಿದರೆ ಕೇಳುವವನ ನಾಲಿಗೆ ತಡವರಿಸುತ್ತದೆ.

ಮಗಳಿಗೆ ಏನನ್ನಾದರೂ ಕೊಡಲೇಬೇಕೆಂದರೆ ಅವಳ ಪಾಲು ಕೊಡಿ. ನಮ್ಮ ಕರ್ನಾಟಕವು 1994ರಲ್ಲೇ, ಆಗ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರ ಸರ್ಕಾರದ ತಿದ್ದುಪಡಿ ಬಂತು. ಮದುವೆಯಾಗಿರಲಿ, ಆಗದಿರಲಿ, ಮಗಳಿಗೂ ಮಗನಷ್ಟೇ ಪಾಲು ಎಂದಾಯಿತು. 2005ರ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಆದರೂ ಆಗುವುದೇನು? ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು, "ಅಣ್ಣನಿಗೆ ಒಂದು ಸಹಿ ಹಾಕಿಕೊಡವ್ವ" ಅಂತಾರೆ. ಅದು ಹಕ್ಕು ಬಿಟ್ಟುಕೊಡುವ ಪತ್ರ ಎಂದು ಗೊತ್ತಿಲ್ಲದೆ ನಾವು ಹೆಬ್ಬೆಟ್ಟು ಒತ್ತಿ ಬರುತ್ತೇವೆ. ನಾಳೆ ಗಂಡನ ಮನೆಯಿಂದ ಹೊರಬಿದ್ದಾಗ ತವರಿನಲ್ಲಿ ನಿಲ್ಲಲು ಒಂದು ಅಂಕಣ ಜಾಗವೂ ಇರುವುದಿಲ್ಲ.

ಯಾವ ಕಲಿಕೆ?

ಆದ್ದರಿಂದಲೇ ಕಲಿಕೆಯ ಮಾತು ಬರುತ್ತದೆ. ಹೆಣ್ಣು ಓದಿದರೆ ಗಂಡ ಸಾಯುತ್ತಾನೆ ಎಂದು ನಂಬಿದ್ದ ಕಾಲವೊಂದಿತ್ತು. 19ನೇ ಶತಮಾನದಲ್ಲಿ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ ಇದ್ದರು. 12ನೇ ವಯಸ್ಸಿಗೆ ಮದುವೆ, ಆಮೇಲೆ ಸಾಲು ಸಾಲು ಮಕ್ಕಳು, ಬಿಡುವಿಲ್ಲದ ಅಡುಗೆ. ಓದಬೇಕೆಂಬ ಆಸೆಯನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ. ಅವರು ಚೈತನ್ಯ ಭಾಗವತದ ಒಂದು ಹಾಳೆಯನ್ನು ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದಿದ ತಾಳೆಗರಿಯನ್ನೂ ತಂದಿಟ್ಟುಕೊಂಡರು. ಒಲೆಯ ಮುಂದೆ ಕೂತು, ಯಾರೂ ಇಲ್ಲದಾಗ ಎರಡನ್ನೂ ಜೋಡಿಸಿ ನೋಡಿ, ಒಂದೊಂದೇ ಅಕ್ಷರ ಕಲಿತರು. ಗುರುವಿಲ್ಲ, ಶಾಲೆಯಿಲ್ಲ. ಮುಂದೆ ಅವರೇ ತಮ್ಮ ಬದುಕಿನ ಕಥೆ ಬರೆದರು. ಬಂಗಾಳಿ ಭಾಷೆಯ ಮೊದಲ ಆತ್ಮಕಥೆ ಅದು. ವಯಸ್ಸಾಯಿತು, ಇನ್ನೇನು ಕಲಿಯುವುದು ಅನ್ನುವ ಅಕ್ಕಂದಿರು ಈ ತಾಯಿಯನ್ನು ನೆನೆಸಿಕೊಳ್ಳಿ.

ಒಬ್ಬಳು ಗುಟ್ಟಾಗಿ ಕಲಿತರೆ ಒಂದು ಪುಸ್ತಕವಾಗುತ್ತದೆ. ಊರಿನ ಹೆಂಗಸರು ಒಟ್ಟಾಗಿ ಕಲಿತರೆ ಏನಾಗುತ್ತದೆ? ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ರಾತ್ರಿ ಕೆಲಸ ಮುಗಿಸಿ ಹೆಂಗಸರು ಅಕ್ಷರ ಕಲಿಯಲು ಸೇರುತ್ತಿದ್ದರು. ಅವರ ಪಾಠದ ಪುಸ್ತಕದಲ್ಲಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಹೆಂಗಸರ ಕಥೆ ಇತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಪಾಠವನ್ನು ಪುಸ್ತಕದಲ್ಲೇ ಬಿಡಲಿಲ್ಲ, ತಮ್ಮ ಊರಿನ ಸಾರಾಯಿ ಅಂಗಡಿಯನ್ನೇ ಮುಚ್ಚಿಸಿದರು. ಅವರ ಮುಂದಾಳು ರೋಶಮ್ಮ ಎಂಬ ಹಳ್ಳಿಯ ಹೆಣ್ಣುಮಗಳು. ಸುದ್ದಿ ಊರಿಂದ ಊರಿಗೆ ಹಬ್ಬಿ, ಸಾರಾಯಿ ಹರಾಜಿಗೇ ಹೆಂಗಸರು ಅಡ್ಡ ನಿಂತರು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು, 1995ರಲ್ಲಿ ಪೂರ್ತಿ ಪಾನನಿಷೇಧವೇ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಎರಡೇ ವರ್ಷದಲ್ಲಿ, 1997ರಲ್ಲಿ, ಪೂರ್ತಿ ನಿಷೇಧವನ್ನು ಸರ್ಕಾರ ಸಡಿಲಿಸಿತು. ಕರ್ನಾಟಕದಲ್ಲೂ 2007ರಲ್ಲಿ ಸಾರಾಯಿ ನಿಂತಿತು, ಬೇರೆ ಮದ್ಯ ನಿಲ್ಲಲಿಲ್ಲ. ಗೆದ್ದದ್ದನ್ನು ಕಾಯುವುದೂ ಒಂದು ಕೆಲಸ. ಆದರೆ ಸಹಿ ಹಾಕಲು ಕಲಿತ ಹೆಣ್ಣು ಮತ್ತೆ ಹೆಬ್ಬೆಟ್ಟಿಗೆ ಹಿಂದಿರುಗುವುದಿಲ್ಲ. ಸರ್ಕಾರ ಆದೇಶವನ್ನು ವಾಪಸು ಪಡೆಯಬಹುದು, ಕಲಿತ ಅಕ್ಷರವನ್ನು ವಾಪಸು ಪಡೆಯಲಾಗದು.

ಇವತ್ತಿನಿಂದ ಮಾಡಬಹುದಾದ್ದು

ಸಂಘದಲ್ಲಿ ನಾವು ಲೆಕ್ಕ ಕಲಿತಿದ್ದೇವೆ. ಉಳಿತಾಯ, ಬಡ್ಡಿ, ಕಂತು ಎಲ್ಲವೂ ಬಾಯಲ್ಲೇ ಇದೆ. ಅಷ್ಟೇ ಚೆನ್ನಾಗಿ ಇನ್ನು ಕೆಲವನ್ನು ಕಲಿಯೋಣ.

ಒಂದು, ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಬೇಡ. ಮದುವೆಯಲ್ಲಿ ಹುಡುಗಿಗೆ ಬಂದ ಒಡವೆ, ಪಾತ್ರೆ, ಹಣದ ಪಟ್ಟಿ ಮಾಡಬೇಕು, ಅದಕ್ಕೆ ವಧು ವರ ಇಬ್ಬರೂ ಸಹಿ ಹಾಕಬೇಕು ಎಂದು 1985ರ ನಿಯಮ ಹೇಳುತ್ತದೆ. ಸಹಿ ಬಾರದವರಿಗೆ ಪಟ್ಟಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು. ಎಷ್ಟು ಮದುವೆಗಳಲ್ಲಿ ಈ ಪಟ್ಟಿ ಮಾಡಿದ್ದೇವೆ? ಅದಿಲ್ಲದೆ ನಾಳೆ ಹುಡುಗಿಯ ಒಡವೆ ಕೇಳಲು ಹೋದರೆ "ಏನು ಕೊಟ್ಟಿದ್ದಿರಿ?" ಅನ್ನುತ್ತಾರೆ.

ಎರಡು, 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯನ್ನು ಕಲಿಯೋಣ. ಹೊಡೆತ ಮಾತ್ರ ಹಿಂಸೆಯಲ್ಲ. ಬೈಗುಳ, ಖರ್ಚಿಗೆ ಕೊಡದಿರುವುದು, ಅವಳ ಒಡವೆ ಕಿತ್ತುಕೊಳ್ಳುವುದು, ಮನೆಯಿಂದ ಹೊರಗೆ ಹಾಕುವುದು ಎಲ್ಲವೂ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅವಳಿಗೆ ಅಲ್ಲಿ ವಾಸಿಸುವ ಹಕ್ಕಿದೆ. ರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ವಕೀಲರಿಗೆ ದುಡ್ಡಿಲ್ಲವೇ? ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಅಪಾಯದ ಹೊತ್ತಿನಲ್ಲಿ 112 ಇದೆ, ಮಹಿಳಾ ಸಹಾಯವಾಣಿ 181 ಇದೆ. ಮೊಬೈಲು ಇರುವವರು ಇವತ್ತೇ ಬರೆದಿಟ್ಟುಕೊಳ್ಳಿ, ಇಲ್ಲದವರು ಬಾಯಿಪಾಠ ಮಾಡಿ.

ಮೂರು, ಬರೆದಿಡುವುದನ್ನು ಕಲಿಯೋಣ. ಯಾವ ದಿನ ಹೊಡೆದ, ಯಾಕೆ ಹೊಡೆದ, ಯಾರು ನೋಡಿದರು, ಯಾವ ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯಲ್ಲಿ "ಬಿದ್ದು ಪೆಟ್ಟಾಯಿತು" ಅಂತ ಹೇಳಬೇಡಿ, ನಿಜ ಹೇಳಿ, ಚೀಟಿ ಜೋಪಾನ ಮಾಡಿ. ಠಾಣೆಯಲ್ಲಿ ಎಫ್‌ಐಆರ್ ಆದರೆ ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಅರ್ಜಿ ಕೊಟ್ಟರೆ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

ನಾಲ್ಕು, ಯಾರನ್ನೂ ಒಬ್ಬಳನ್ನೇ ಕಳಿಸಬೇಡಿ. "ರಾಜಿ ಮಾಡಿಕೊಂಡು ಹೋಗಮ್ಮ" ಎಂಬ ಮಾತು ಠಾಣೆಯಲ್ಲೂ ಕೇಳಿಬರುತ್ತದೆ. ಒಬ್ಬಳಿದ್ದರೆ ತಲೆ ತಗ್ಗಿಸಿ ಬರುತ್ತಾಳೆ. ಐದು ಜನ ಜೊತೆಗಿದ್ದರೆ ಕುರ್ಚಿ ಕೊಡುತ್ತಾರೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಊರಹಬ್ಬಕ್ಕೆ, ದೇವಸ್ಥಾನಕ್ಕೆ ಹೋಗುವ ಬಸ್ಸು ಕೋರ್ಟಿಗೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಸಲ ಸೋಲುತ್ತೇವೆ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಸಾಕ್ಷಿ ತಿರುಗಿಬೀಳುತ್ತಾನೆ, ಹುಡುಗಿಯೇ ಸೋತು ಹಿಂದೆ ಹೋಗುತ್ತಾಳೆ. ಆಗ ಅವಳನ್ನು ಬೈಯಬೇಡಿ. ಮತ್ತೆ ಬಂದಾಗ ಬಾಗಿಲು ತೆರೆದಿರಲಿ. ಅವಳು ಬದುಕಿರುವುದೇ ಮುಖ್ಯ.

ಇನ್ನು ಮುಂದೆ ನಮ್ಮ ಊರಿಗೆ ಹುಡುಗಿಯೊಬ್ಬಳು ಹೊಡೆತ ತಿಂದು ಬಂದರೆ, ಸಂಘದ ಬಾಯಿಂದ ‘ಸರಿಹೋಗುತ್ತೆ’ ಎಂಬ ಮಾತು ಬರಬಾರದು. "ಕೂತುಕೋ ಮಗಳೇ. ಏನಾಯಿತು ಹೇಳು, ನಾವು ಬರೆದುಕೊಳ್ಳುತ್ತೇವೆ. ನಾಳೆ ಬೆಳಿಗ್ಗೆ ನಿನ್ನ ಜೊತೆ ನಾವೂ ಬರುತ್ತೇವೆ" ಎನ್ನಬೇಕು. ಕಲಿತದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ, ದುಡಿಮೆಗೆ ಅಲ್ಲಿ ಅರ್ಥ ಬರುತ್ತದೆ. ಭರವಸೆ ಎಂದರೆ ಅದೇ.

ನಿಮ್ಮ ಪ್ರಶ್ನೆಗಳಿದ್ದರೆ ಈಗಲೇ ಕೇಳಿ, ಒಟ್ಟಿಗೆ ಕೂತು ಉತ್ತರ ಹುಡುಕೋಣ.