ನನ್ನದೊಂದು ಅಧಿಕಪ್ರಸಂಗ

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ನೀನು ಸಾಫ್ಟ್‌ವೇರಿನವನಲ್ಲವಾ, ನಿನ್ನ ಕೆಲಸದ ಬಗ್ಗೆ ಮಕ್ಕಳಿಗೆ ಅರ್ಥವಾಗುವ ಹಾಗೆ ಹತ್ತು ನಿಮಿಷ ಮಾತಾಡು" ಎಂದು ಸಮಿತಿಯವರು ಹೇಳಿದ್ದಾರೆ. ಸಂಬಳ ಬರುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಯಾರೂ ಕೇಳದೆ, ಯಾರೂ ದುಡ್ಡು ಕೊಡದೆ ಮಾಡಿದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ.

ಈ ಚಾಳಿ ಇದೇ ಶಾಲೆಯಲ್ಲಿ ಶುರುವಾದದ್ದು. ಎಂಟನೇ ತರಗತಿಯಲ್ಲಿ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿ ಹಿಂದಿನ ಬೆಂಚಿಗೆ ಕಾಣುವುದಿಲ್ಲ ಎಂದು ನಾನೇ ಡ್ರಾಯಿಂಗ್ ಶೀಟಿನಲ್ಲಿ ದೊಡ್ಡದಾಗಿ ಬರೆದು ಅದರ ಮೇಲೆ ಅಂಟಿಸಿದೆ. ಅಕ್ಷರ ಚಂದ ಬಂದಿತ್ತು. ಆದರೆ ಶುಕ್ರವಾರದ ಪಿ.ಟಿ. ಪೀರಿಯಡ್ ಬಿಟ್ಟುಹೋಗಿತ್ತು. ಇಡೀ ತರಗತಿ ನನ್ನ ಮೇಲೆ ತಿರುಗಿಬಿತ್ತು. ಮಾಷ್ಟ್ರು ನನಗೆ 'ಅಧಿಕಪ್ರಸಂಗಿ' ಎಂದು ಹೆಸರಿಟ್ಟರು. ಇಲ್ಲಿ ನಗುತ್ತಿರುವ ನಾಲ್ಕೈದು ಜನಕ್ಕೆ ಅದು ನೆನಪಿದೆ ಎಂದು ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಮೊಬೈಲಿನಲ್ಲಿ ಒಂದು ಕನ್ನಡ ಪುಟ ತೆರೆದಾಗ ಅಲ್ಲಿಗೆ ಎರಡು ಸಂಗತಿಗಳು ಬರಬಹುದು. ಒಂದು, ಬರಹ. ಇನ್ನೊಂದು, ಆ ಬರಹ ಹೇಗೆ ಕಾಣಬೇಕು ಎಂಬ ಅಕ್ಷರಗಳ ಆಕಾರ, ಅಂದರೆ ಫಾಂಟ್. ಆ ಫಾಂಟನ್ನು ಪುಟದ ಜೊತೆಗೇ ಕಳಿಸಿಕೊಡುವ ಸೇವೆಗಳು ಉಂಟು. ವೆಬ್ ಫಾಂಟ್ ಎಂದರೆ ಅಷ್ಟೇ. ಇಂಥ ಸೇವೆಯ ತಾಣಕ್ಕೆ ಹೋದರೆ ನೂರಾರು ಫಾಂಟುಗಳು ಬಟ್ಟೆ ಅಂಗಡಿಯ ಸೀರೆಗಳ ಹಾಗೆ ಸಾಲಾಗಿ ಕಾಣುತ್ತವೆ. ಕನ್ನಡಕ್ಕೂ ಈಗ ಒಳ್ಳೊಳ್ಳೆಯವು ಇವೆ. ನೋಟೋ ಇದೆ, ಮುಂಬಯಿಯ ಏಕ್ ಟೈಪ್‌ನವರು ಮಾಡಿದ ದಪ್ಪಮೈಯ 'ಬಾಲೂ ತಮ್ಮ' ಇದೆ, ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ರೂಪುಗೊಂಡ ಅಕ್ಷರದಿಂದ ಬಂದ 'ತಿರೋ ಕನ್ನಡ' ಇದೆ. ಎಲ್ಲವೂ ಮುಕ್ತ, ಒಂದು ರೂಪಾಯಿ ಕೊಡಬೇಕಾಗಿಲ್ಲ.

ನಾನು ಆಗಾಗ ಬಳಸುತ್ತಿದ್ದ ಒಂದು ಸೇವೆಯ ಹೆಸರು ಇಲ್ಲಿ ಬೇಡ. ಅದರಲ್ಲಿ 'ಕನ್ನಡ' ಎಂದು ಆರಿಸಿದರೂ ಮಾದರಿ ವಾಕ್ಯ ಇಂಗ್ಲಿಷಿನಲ್ಲೇ ಕಾಣುತ್ತಿತ್ತು. ಕನ್ನಡ ಫಾಂಟಿನ ಒಳಗೂ ಇಂಗ್ಲಿಷ್ ಅಕ್ಷರಗಳಿರುತ್ತವಲ್ಲ, ಅವನ್ನು ತೋರಿಸುತ್ತಿತ್ತು. ಅಕ್ಕಿ ಕೊಳ್ಳಲು ಹೋಗಿ ಗೋಣಿ ನೋಡಿಕೊಂಡು ಬಂದ ಹಾಗೆ. ಸರಿ, ನಾವೇ ಕನ್ನಡದಲ್ಲಿ ಟೈಪ್ ಮಾಡಿದರೆ ಇನ್ನೊಂದು ತೊಂದರೆ. ಪ್ರತಿ ಮಾದರಿಗೂ ಒಂದು ಚೌಕ, ಆ ಚೌಕದ ಎತ್ತರ ಇಂಗ್ಲಿಷಿನ ಅಳತೆಯದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. 'ರಾಷ್ಟ್ರ'ದಂಥ ಪದದಲ್ಲಿ ಒತ್ತಿಗೆ ಇನ್ನೊಂದು ಒತ್ತು. ಅದೆಲ್ಲ ಚೌಕದ ಅಂಚಿನಲ್ಲಿ ಕತ್ತರಿಸಿ ಹೋಗುತ್ತಿತ್ತು. ನಾನು ನಮ್ಮ ಮೂರು ಊರುಗಳ ಹೆಸರು ಹಾಕಿ ನೋಡಿದೆ. ಬಂಟ್ವಾಳ 'ಬಂಟಾಳ' ಆಯಿತು. ಬೆಳ್ತಂಗಡಿ 'ಬೆಳಂಗಡಿ' ಆಯಿತು. ಮೂಡುಬಿದಿರೆ ಮಾತ್ರ ಏನೂ ಆಗದೆ ಉಳಿಯಿತು. ಅದರಲ್ಲಿ ಒತ್ತೇ ಇಲ್ಲವಲ್ಲ! ಮೂಡುಬಿದಿರೆಯವರು ಹೆಮ್ಮೆಪಡಬಹುದು.

ಮತ್ತೊಂದು ಸಲ ಹುಡುಕುವ ಜಾಗದಲ್ಲಿ 'ತುಳು' ಎಂದು ಕೊಟ್ಟೆ. ಏನೂ ಸಿಗಲಿಲ್ಲ. ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ. ಭಾಷೆ ಬೇರೆ, ಲಿಪಿ ಬೇರೆ ಎಂಬುದು ಈ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ ತಾಳೆಗರಿಗಳು ಬೇರೆ ಯಾವ ಉದಾಹರಣೆಗೂ ಕಡಿಮೆಯಲ್ಲ. ಅವುಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ್ದು. ತುಳುವಿನ ಹಳೆಯ ಲಿಪಿಗೂ 2024ರಲ್ಲಿ ಯೂನಿಕೋಡಿನ 16ನೇ ಆವೃತ್ತಿಯಲ್ಲಿ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ ಜಾಗ ಸಿಕ್ಕಿದೆ. ಆದರೆ ಇವತ್ತು ತುಳುವಿನಲ್ಲಿ ಆಮಂತ್ರಣ ಅಚ್ಚು ಹಾಕಿಸುವವನಿಗೆ ಬೇಕಾದದ್ದು ಕನ್ನಡ ಫಾಂಟೇ.

ಹಾಗೆ ನಾನು ರಾತ್ರಿ ಕುಳಿತು ಆ ಪುಟವನ್ನು ನನ್ನಷ್ಟಕ್ಕೆ ಹೊಸದಾಗಿ ವಿನ್ಯಾಸ ಮಾಡತೊಡಗಿದೆ. ನನ್ನ ತಲೆಯಲ್ಲಿದ್ದದ್ದು ಕಂಪ್ಯೂಟರ್ ಅಲ್ಲ, ನನ್ನ ಸೋದರಮಾವನ ಪ್ರೆಸ್ಸು.

ಮಾವ ಮೂಡುಬಿದಿರೆಯಲ್ಲಿ ಮೊಳೆ ಜೋಡಿಸುತ್ತಿದ್ದರು. ರಜೆಯಲ್ಲಿ ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ವೇಣೂರು ಮಾರ್ಗವಾಗಿ ಅವರ ಮನೆಗೆ ಹೋಗುತ್ತಿದ್ದೆ. ಪ್ರೆಸ್ಸಿನಲ್ಲಿ ಓರೆಯಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಸಣ್ಣಸಣ್ಣ ಖಾನೆ, ಖಾನೆಗೊಂದು ಸೀಸದ ಅಕ್ಷರ. ಮಾವನ ಕಣ್ಣು ಯಕ್ಷಗಾನದ ಹ್ಯಾಂಡ್‌ಬಿಲ್ಲಿನ ಕೈಬರಹದ ಮೇಲೆ, ಕೈ ತನ್ನಷ್ಟಕ್ಕೆ ಖಾನೆಯಿಂದ ಖಾನೆಗೆ. ಹೆಚ್ಚು ಬೇಕಾಗುವ ಅಕ್ಷರ ಎದೆಯ ಹತ್ತಿರ, ಅಪರೂಪದ್ದು ಮೇಲಿನ ಮೂಲೆಯಲ್ಲಿ. ಒತ್ತುಗಳಿಗೆ ಬೇರೆಯೇ ಖಾನೆಗಳು. ಒಂದು ಸಲ ನಾನು ಎರಡು ಖಾನೆಯ ಮೊಳೆ ಅದಲುಬದಲು ಮಾಡಿ ಬೆನ್ನಿಗೆ ಪೆಟ್ಟು ತಿಂದಿದ್ದೆ. ಇಂಟರ್‌ಫೇಸ್ ಎಂಬ ಶಬ್ದವನ್ನು ನಾನು ಬಿ.ಇ.ಯಲ್ಲಿ ಕಲಿತೆ. ವಸ್ತುವನ್ನು ನೋಡಿದ್ದು ಮಾವನ ಪ್ರೆಸ್ಸಿನಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ. 1843ರ 'ಮಂಗಳೂರ ಸಮಾಚಾರ' ಮೊಳೆಯಿಲ್ಲದೆ ಕಲ್ಲಚ್ಚಿನಲ್ಲಿ ಬಂತು. ಕನ್ನಡದ ಒತ್ತಿನ ಜೊತೆ ನಮ್ಮ ಜಿಲ್ಲೆಯ ಗುದ್ದಾಟ ಅಷ್ಟು ಹಳೆಯದು. ಕಂಪ್ಯೂಟರಿಗೆ ಬಂದಾಗಲೂ ಅದನ್ನು ಕೀಲಿಮಣೆಯಲ್ಲಿ ಸುಲಭ ಮಾಡಿದವರು ಇಲ್ಲೇ ಕಿನ್ನಿಕಂಬಳದ ಕೆ.ಪಿ. ರಾವ್.

ನನ್ನ ವಿನ್ಯಾಸದಲ್ಲಿ ಕನ್ನಡ ಎಂದು ಆರಿಸಿದ ಕೂಡಲೇ ಮಾದರಿ ಕನ್ನಡದಲ್ಲೇ ಬರುತ್ತಿತ್ತು. ಅದೂ ಸುಲಭದ ವಾಕ್ಯ ಅಲ್ಲ, ಫಾಂಟಿಗೆ ಪರೀಕ್ಷೆಯಾಗುವಂಥ ಪದಗಳು: ಲಕ್ಷ್ಮಿ, ಜ್ಯೋತ್ಸ್ನಾ, ಸ್ತ್ರೀ, ರಾಷ್ಟ್ರ, ಧರ್ಮಸ್ಥಳ. ಚೌಕದ ಎತ್ತರ ಒತ್ತಿಗೆ ತಕ್ಕಂತೆ ಬೆಳೆಯುತ್ತಿತ್ತು. ಭಾಷೆ ಕೊಟ್ಟರೆ ಲಿಪಿ ತಾನೇ ಸಿಗುತ್ತಿತ್ತು. ಫೈಲಿನ ತೂಕವನ್ನೂ ಎದುರಿಗೇ ಬರೆದೆ. ಕನ್ನಡ ಫಾಂಟಿನಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರ ಬೇಕಾಗುವುದರಿಂದ ಇಂಗ್ಲಿಷಿಗಿಂತ ಭಾರ ಹೆಚ್ಚು. ಚಾರ್ಮಾಡಿಯ ಬುಡದಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್ ಇರುವವರಿಗೆ ಅದು ಗೊತ್ತಾಗುತ್ತದೆ.

ಎಲ್ಲ ಮುಗಿಸಿ, ಇಪ್ಪತ್ತು ಪುಟದ ವಿವರಣೆ ಬರೆದು ಆ ಸೇವೆಯವರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ನಾನೂ ಸ್ವಲ್ಪ ದಿನ ಸಿಟ್ಟು ಮಾಡಿಕೊಂಡೆ. ಕರೆಯದ ಮದುವೆಗೆ ಹೋಗಿ ಪಾಯಸ ಬಡಿಸಲಿಲ್ಲ ಎಂದು ಮುನಿಸಿಕೊಂಡ ಹಾಗೆ ಎಂದು ನನ್ನ ಹೆಂಡತಿ ಹೇಳಿದಳು.

ಆ ಮೇಲೆ ಊರಿಗೆ ಬಂದಾಗ ಬಿ.ಸಿ. ರೋಡಿನಲ್ಲಿ ಡಿ.ಟಿ.ಪಿ. ಮಾಡುವ ಒಬ್ಬ ಅಕ್ಕನಿಗೆ ಲ್ಯಾಪ್‌ಟಾಪಿನಲ್ಲಿ ಅದನ್ನು ತೋರಿಸಿದೆ. ಇಪ್ಪತ್ತು ವರ್ಷದಿಂದ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಮಾಡುತ್ತಿರುವವರು. ನನ್ನ ಪರೀಕ್ಷೆಯ ಪದಗಳನ್ನೆಲ್ಲ ಅವರು ಸರಸರ ಕೆಳಗೆ ತಳ್ಳಿ ಕೇಳಿದರು:

"ಇದರಲ್ಲಿ ಮದುಮಗನ ಹೆಸರು ಹಾಕುವುದು ಎಲ್ಲಿ?"

ಹೆಸರು ಟೈಪ್ ಮಾಡುವ ಜಾಗವನ್ನು ನಾನು ಪುಟ ಚಂದ ಕಾಣಲಿ ಎಂದು ಮೂಲೆಯಲ್ಲಿ ಒಂದು ಸಣ್ಣ ಚಿತ್ರದ ಹಿಂದೆ ಅಡಗಿಸಿದ್ದೆ.

"ಗಿರಾಕಿಗೆ ಬೇಕಾದದ್ದು ಅವರ ಮನೆಯ ಹೆಸರು ಸರಿ ಬರ್ತದಾ ಇಲ್ವಾ ಎಂದು. ನಿಮ್ಮ ಜ್ಯೋತ್ಸ್ನಾ ಕಟ್ಟಿಕೊಂಡು ಅವರಿಗೇನು? ಮತ್ತೆ, ಸ್ಕ್ರೀನಿನಲ್ಲಿ ನೋಡಿ ಯಾರೂ ಒಪ್ಪುವುದಿಲ್ಲ ಮಾರಾಯ್ರೇ, ಪ್ರಿಂಟ್ ಕೊಡಬೇಕು. ನಮ್ಮ ಹಳೇ ನುಡಿ ಫೈಲು ಇದಕ್ಕೆ ಬರ್ತದಾ?"

ಶುಕ್ರವಾರದ ಪಿ.ಟಿ. ಪೀರಿಯಡ್ ಮತ್ತೆ ಬಿಟ್ಟುಹೋಗಿತ್ತು. ಆ ಸೇವೆಯನ್ನು ಮಾಡಿದವರು ಕನ್ನಡ ಬರೆಯುವವರನ್ನು ಕೇಳಲಿಲ್ಲ ಎಂದು ಇಪ್ಪತ್ತು ಪುಟ ದೂರಿದ ನಾನು ಕೂಡ ಯಾರನ್ನೂ ಕೇಳಿರಲಿಲ್ಲ. ಹೆಸರಿನ ಜಾಗವನ್ನು ಎಲ್ಲಕ್ಕಿಂತ ಮೇಲೆ ತಂದೆ. ಆರಿಸಿದ ನಾಲ್ಕು ಫಾಂಟಿನಲ್ಲಿ ಅದೇ ಹೆಸರು ಒಂದೇ ಹಾಳೆಯಲ್ಲಿ ಅಚ್ಚಾಗುವ ಹಾಗೆ ಮಾಡಿದೆ. ಇವತ್ತು ಅದು ಒಂದು ಸಣ್ಣ ಪುಟವಾಗಿ ಆ ಅಕ್ಕನ ಕಂಪ್ಯೂಟರಿನಲ್ಲಿ ಉಂಟು, ನೆಟ್ ಇಲ್ಲದೆಯೂ ಓಡುತ್ತದೆ. ಬಳಸುವವರು ಎಷ್ಟು ಜನ ಎಂದು ಕೇಳಬೇಡಿ, ಎರಡು ಕೈಯ ಬೆರಳು ಸಾಕು.

ಹಳೇ ಫೈಲಿನ ಪ್ರಶ್ನೆ ನಮ್ಮ ಶಾಲೆಗೂ ಬಂತು. ಬೆಳ್ಳಿಹಬ್ಬದ ಸಮಯದಲ್ಲಿ ಹಳೆ ವಿದ್ಯಾರ್ಥಿಗಳ ಪಟ್ಟಿ ಟೈಪ್ ಆಗಿತ್ತು, ದುಡ್ಡು ಸಾಲದೆ ಅಚ್ಚಾಗಲಿಲ್ಲ. ಈ ಸಲ ಸಂಚಿಕೆಗೆ ಹಾಕೋಣವೆಂದು ಸಮಿತಿಯವರು ಆ ಸಿ.ಡಿ. ಕೊಟ್ಟರು. ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳು ಇಂಗ್ಲಿಷಿನ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಅರ್ಕಾವೊತ್ತಿನಲ್ಲಿ ಎಡವಟ್ಟಾಗುತ್ತದೆ. ನಾವು ಉಚ್ಚರಿಸುವಾಗ 'ರ್' ಮೊದಲು, ಬರೆಯುವಾಗ ಅದರ ಗುರುತು ನಂತರ. ಹಳೆಯ ಫಾಂಟುಗಳು ಬರೆಯುವ ಕ್ರಮದಲ್ಲಿ ಇಡುತ್ತಿದ್ದವು, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. ಹಾಗಾಗಿ ಧರ್ಣಪ್ಪ 'ಧಣಪ್ಪ' ಆಗಿದ್ದ, ಪೂರ್ಣಿಮಾ 'ಪೂಣಿಮಾ' ಆಗಿದ್ದಳು.

ಸಂಶಯದ ಹೆಸರುಗಳನ್ನು ನನ್ನ ಪುಟದಲ್ಲೇ ಹಾಕಿ, ದೊಡ್ಡ ಅಕ್ಷರದಲ್ಲಿ ಅಚ್ಚು ತೆಗೆದು, ನಿವೃತ್ತರಾದ ನಮ್ಮ ಕನ್ನಡ ಮಾಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು ಒಂದೊಂದೇ ಓದಿದರು. "ಇವಳು ಪೂರ್ಣಿಮಾ, ಹೊಳೆಯಾಚೆಯಿಂದ ಬರುತ್ತಿದ್ದಳು, ಮಳೆಗಾಲದಲ್ಲಿ ರಜೆ ಜಾಸ್ತಿ." ಹೀಗೆ ಎಲ್ಲವೂ ಸರಿಹೋಯಿತು, ಒಂದು ಬಿಟ್ಟು. ಆರನೇ ಬ್ಯಾಚಿನ ಆ ಹೆಸರು ಚೆನ್ನಪ್ಪನೋ ಚಿನ್ನಪ್ಪನೋ ತಿಳಿಯುತ್ತಿಲ್ಲ. ಫೈಲಿನಲ್ಲಿ ಮೊದಲ ಅಕ್ಷರ ಕೆಟ್ಟಿದೆ. ದಾಖಲಾತಿ ಪುಸ್ತಕದ ಆ ಪುಟಕ್ಕೆ ನೀರು ಇಳಿದು ಶಾಯಿ ಕದಡಿದೆ. ಮಾಷ್ಟ್ರಿಗೂ ನೆನಪಾಗಲಿಲ್ಲ.

ಸಂಚಿಕೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಆ ಹಿರಿಯರು ಅಥವಾ ಅವರ ಮನೆಯವರು ಈ ಸಭೆಯಲ್ಲಿದ್ದರೆ ದಯವಿಟ್ಟು ಊಟಕ್ಕೆ ಮೊದಲು ನನ್ನನ್ನು ಕಾಣಬೇಕು. ನಾನು ಅಡುಗೆ ಚಪ್ಪರದ ಬಾಗಿಲಲ್ಲಿ ಹಾಳೆ ಹಿಡಿದುಕೊಂಡು ನಿಂತಿರುತ್ತೇನೆ.